ಇಟ್ಟ ಹಾಗೆ

ಹದಿನಾಲ್ಕು ಎಂದವರು ಸುಮ್ಮನಾದರು.

ಅವಳು ಪೆನ್ನು ಹಿಡಿದೇ ಕಾದಳು. ಹದಿನೈದು ಬರಬೇಕಿತ್ತು. ಆಮೇಲೆ ಐವತ್ತು, ನೂರು, ಇನ್ನೂರು. ಯಾವುದೂ ಬರಲಿಲ್ಲ. ಬಂದದ್ದು ಒಂದು ಸದ್ದು ಮಾತ್ರ, ಬಳಪ ಮುರಿದ ಹಾಗೆ. ಚಿಕ್ಕದು, ಒಣಕಲು.

ಯಂತ್ರದ ಎರಡು ದವಡೆಗಳು ಪ್ಲಾಸ್ಟಿಕ್ಕಿನ ತುಂಡೊಂದನ್ನು ಎರಡೂ ತುದಿಯಲ್ಲಿ ಕಚ್ಚಿ ನಿಧಾನವಾಗಿ ಎಳೆಯುತ್ತವೆ. ನೂರಕ್ಕೆ ಎಷ್ಟು ಪಾಲು ಹಿಗ್ಗಿತು ಎಂಬುದು ಪರದೆಯ ಮೇಲೆ ಮೂಡುತ್ತದೆ, ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ. ಆದರೂ ಯಂತ್ರ ನಡೆಸುವವರು ಆ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಅವಳು ಕಾಗದದ ಮೇಲೆ ಬರೆಯುತ್ತಿದ್ದಳು. ಕಂಪ್ಯೂಟರು ಮರೆಯಬಹುದು, ಕಿವಿ ಮರೆಯುವುದಿಲ್ಲ ಎಂಬುದು ಅವರ ವಾದ. ಹದಿನೆಂಟು ವರ್ಷದ ಈ ಅಭ್ಯಾಸದಿಂದ ಅವರಿಗೆ ರೇಡಿಯೋ ಎಂದು ಹೆಸರು ಬಿದ್ದಿತ್ತು. ತುಂಡು ಮುರಿದರೆ ಅವರು ಮುರಿಯಿತು ಎನ್ನುತ್ತಿರಲಿಲ್ಲ, ಸುಮ್ಮನಾಗುತ್ತಿದ್ದರು. ಕೊನೆಯದಾಗಿ ಕೇಳಿಸಿದ ಅಂಕಿಯೇ ಅದರ ಆಯುಸ್ಸು.

ಅವಳು ಹದಿನಾಲ್ಕು ಎಂದು ಬರೆದಳು. ಬರೆದ ಮೇಲೆ ಅದರ ಪಕ್ಕದಲ್ಲಿ ಜಾಗ ಬಿಟ್ಟಳು, ಇನ್ನೊಂದು ಅಂಕಿ ಬರುತ್ತದೇನೋ ಎಂಬಂತೆ.

ರೇಡಿಯೋ ಎರಡನೆಯ ಮೂಳೆಯನ್ನು ಸಿಕ್ಕಿಸಿದರು. ತುದಿ ಅಗಲ, ನಡು ಸಣ್ಣ ಇರುವ ಆ ತುಂಡುಗಳಿಗೆ ಪ್ರಯೋಗಾಲಯದಲ್ಲಿ ಮೂಳೆ ಎಂದೇ ಹೆಸರು. ಹೊಸದಾಗಿ ಕೆಲಸಕ್ಕೆ ಸೇರಿದವರು, ಆ ಕೋಣೆಯಿಂದ ನಾಲ್ಕು ಮೂಳೆ ತನ್ನಿ ಎಂದಾಗ ಒಂದು ಕ್ಷಣ ತಬ್ಬಿಬ್ಬಾಗುವುದನ್ನು ನೋಡುವುದು ಹಳಬರಿಗೊಂದು ಮೋಜು.

ಎರಡನೆಯದು ಹದಿನಾರಕ್ಕೆ ನಿಂತಿತು. ಮೂರನೆಯದು ಹನ್ನೊಂದಕ್ಕೆ. ನಾಲ್ಕನೆಯದು ಹತ್ತೊಂಬತ್ತು. ಪ್ರತಿ ಸಲವೂ ಅದೇ ಬಳಪದ ಸದ್ದು.

"ಇವು ಎಲ್ಲಿದ್ವು, ಮೇಡಂ?"

"ನನ್ನ ಡ್ರಾಯರ್‌ನಲ್ಲಿ."

"ಎಷ್ಟು ದಿನ?"

"ಒಂದು ವರ್ಷ."

ರೇಡಿಯೋ ಕನ್ನಡಕ ತೆಗೆದು ಒರೆಸಿದರು. ನಿನ್ನೆ ಫ್ರೀಜರ್‌ನವನ್ನು ಎಳೆದಾಗ ಇನ್ನೂರ ಅರವತ್ತರವರೆಗೆ ಓದಿ ಓದಿ ಗಂಟಲು ಒಣಗಿತ್ತು, ಎರಡು ಸಲ ನೀರು ಕುಡಿದಿದ್ದೆ ಎಂದು ನೆನಪಿಸಿದರು. ಇವೂ ಅದೇ ಹಾಳೆಯಿಂದ ಕತ್ತರಿಸಿದವೇ ಎಂದು ಕೇಳಿದರು. ಅದೇ ಹಾಳೆ ಎಂದಳು. ಅದೇ ಪುಡಿಯೇ? ಅದೇ ಪುಡಿ. ವಿಕಿರಣಕ್ಕೆ ಹೋಗಿದ್ದೂ ಅದೇ ದಿನವೇ? ಅದೇ ದಿನ, ಒಂದೇ ಪೆಟ್ಟಿಗೆಯಲ್ಲಿ.

"ಹಾಗಾದ್ರೆ ವ್ಯತ್ಯಾಸ ಫ್ರೀಜರ್ ಒಂದೇ," ಎಂದರು ರೇಡಿಯೋ. ಕನ್ನಡಕ ಮತ್ತೆ ಏರಿಸಿ, "ಫ್ರೀಜರ್‌ನಲ್ಲಿ ಕಾಲಿಟ್ಕೊಂಡು ಯಾರು ಓಡಾಡ್ತಾರೆ, ಮೇಡಂ?" ಎಂದರು.

ಕೃತಕ ಮೊಣಕಾಲಿಗೆ ಹಾಕುವ ಪ್ಲಾಸ್ಟಿಕ್ಕು ಅದು; ತಮಾಷೆಗೆಂದೇ ಹೇಳಿದ್ದರು. ಅವಳ ಮುಖ ನೋಡಿ, ತಮಾಷೆಯ ಅರ್ಧಕ್ಕೇ ಅವರ ನಗು ನಿಂತಿತು. ಅವಳ ಅಮ್ಮನ ಕಾಲಿನ ವಿಷಯ ಅವರಿಗೆ ಆಮೇಲೆ ನೆನಪಾಗಿರಬೇಕು.

ಲಕೋಟೆಯ ಮೇಲಿದ್ದುದು ಅವಳದೇ ಅಕ್ಷರ. ದುಂಡಗೆ, ಒತ್ತಿ ಬರೆದದ್ದು. ವರ್ಷದ ಹಿಂದಿನ ತಾರೀಕು. ಆ ದಿನ, ವಿಕಿರಣ ಕೋಣೆಯಿಂದ ಬಂದ ಮೂಳೆಗಳಲ್ಲಿ ಮೊದಲ ವಾರದ ಪರೀಕ್ಷೆ ಮುಗಿದು ಉಳಿದವನ್ನೆಲ್ಲ ಎಣಿಸಿ ಫ್ರೀಜರ್‌ಗೆ ಇಡುತ್ತಿದ್ದಾಗ ಆಸ್ಪತ್ರೆಯಿಂದ ಫೋನು ಬಂದಿತ್ತು, ಅಮ್ಮನನ್ನು ಒಂದು ಗಂಟೆ ಮೊದಲೇ ಒಳಗೆ ಕರೆದೊಯ್ಯುತ್ತೇವೆ, ಬೇಗ ಬನ್ನಿ ಎಂದು. ಅವಳು ಕೈಯಲ್ಲಿದ್ದ ಕೊನೆಯ ಲಕೋಟೆಯನ್ನು ಡ್ರಾಯರ್‌ಗೆ ಹಾಕಿ ಓಡಿದ್ದಳು. ಏಳು ಮೂಳೆ. ಈ ಬೆಳಿಗ್ಗೆ ಸ್ಟೇಪ್ಲರ್ ಹುಡುಕುವಾಗ ಕೈಗೆ ಸಿಕ್ಕಿದ್ದವು.

ಸ್ಟೇಪ್ಲರ್ ಬೇಕಾಗಿದ್ದದ್ದು ವರದಿಗೆ. ವರ್ಷ ಕಳೆದರೂ ವಸ್ತು ಕೆಟ್ಟಿಲ್ಲ ಎಂಬ ವರದಿ. ಇವತ್ತು ಸಂಜೆಯೊಳಗೆ ಅವಳ ಸಹಿ ಬಿದ್ದರೆ ಎರಡು ಸಾವಿರ ಜನರ ಮೊಣಕಾಲಿಗೆ ಅದನ್ನು ಹಾಕಲು ದಾರಿ ಸುಗಮ. ನಲವತ್ತೊಂದು ಜನರಿಗೆ ಆಗಲೇ ಹಾಕಿತ್ತು. ಅದು ಮೊದಲ ವಾರದ ವರದಿಯ ಬಲದಿಂದ. ಆ ವರದಿಗೆ ಸಹಿ ಮಾಡಿದವಳೂ ಅವಳೇ. ನಲವತ್ತೊಂದರಲ್ಲಿ ಒಂದು ಮೊಣಕಾಲನ್ನು ಒತ್ತಾಯ ಮಾಡಿ, ಅಮ್ಮಾ ನಾನಿದ್ದೀನಲ್ಲ ಎಂದು ಧೈರ್ಯ ಹೇಳಿ, ಕರೆದುಕೊಂಡು ಹೋಗಿ ಕೊಟ್ಟವಳೂ ಅವಳೇ.

ಉಳಿದ ಮೂರು ಮೂಳೆಗಳನ್ನು ಅವಳು ಕೈಚೀಲಕ್ಕೆ ಹಾಕಿಕೊಂಡಳು.

ವಿಕಿರಣ ಕೋಣೆಯನ್ನು ಅವಳು ಒಂದೇ ಸಲ ಒಳಗಿಂದ ನೋಡಿದ್ದಳು, ವಿಕಿರಣ ಸೂಸುವ ಮೂಲವನ್ನು ನೀರಿನ ಆಳಕ್ಕೆ ಇಳಿಸಿ ಬೀಗ ತೆಗೆದ ಮೇಲೆ. ಮೂರು ತಿರುವಿನ ದಪ್ಪ ಗೋಡೆ. ಒಳಗೆ ಏನೂ ಇರಲಿಲ್ಲ. ಬೆಳಕಿಲ್ಲ, ಸದ್ದಿಲ್ಲ, ಸುಟ್ಟ ಗುರುತಿಲ್ಲ. ಸಿಡಿಲು ಬಿದ್ದ ಮೇಲಿನಂಥ ಒಂದು ವಾಸನೆ ಮಾತ್ರ. ಹೋದ ಪೆಟ್ಟಿಗೆಗಳು ಹೋದ ಹಾಗೇ ಹೊರಬಂದವು. ಮುಟ್ಟಿದರೆ ತುಸು ಬೆಚ್ಚಗೆ, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ.

ಆದರೆ ಒಳಗೆ ಎಲ್ಲ ಬದಲಾಗಿರುತ್ತಿತ್ತು. ಪಾಲಿಮರ್ ಎಂದರೆ ಉದ್ದುದ್ದ ಎಳೆಗಳ ಸಿಕ್ಕು. ವಿಕಿರಣ ಆ ಎಳೆಗಳನ್ನು ಅಲ್ಲಲ್ಲಿ ಕಡಿಯುತ್ತದೆ. ಕಡಿದ ತುದಿ ಸುಮ್ಮನಿರದು, ಪಕ್ಕದ ಎಳೆಯನ್ನು ಹಿಡಿದುಕೊಳ್ಳುತ್ತದೆ. ಹೀಗೆ ಎಲ್ಲ ಒಂದಕ್ಕೊಂದು ಕೈಹಿಡಿದು ಬಲೆಯಾದಾಗ ವಸ್ತು ಗಟ್ಟಿಯಾಗುತ್ತದೆ, ಸವೆಯುವುದಿಲ್ಲ. ಸವೆಯದ ಮೊಣಕಾಲಿಗಾಗಿಯೇ ಇಷ್ಟೆಲ್ಲ. ತೊಂದರೆ ಇರುವುದು ಕೈ ಸಿಗದೆ ಉಳಿದ ತುದಿಗಳಲ್ಲಿ. ಅವು ಒಳಗೇ ಎಚ್ಚರವಾಗಿರುತ್ತವೆ. ತಿಂಗಳುಗಟ್ಟಲೆ. ಗಾಳಿ ಹನಿಹನಿಯಾಗಿ ಒಳಗಿಳಿದು ಅವನ್ನು ಮುಟ್ಟಿದಾಗ ಕಡಿಯುವ ಕೆಲಸ ಮತ್ತೆ ಶುರುವಾಗುತ್ತದೆ. ಈ ಸಲ ಕೈಹಿಡಿಯುವುದಿಲ್ಲ.

ಅದಕ್ಕಾಗಿಯೇ ಪುಡಿ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ನುಣುಪಾದ, ಬೂದು ಬಣ್ಣದ ನ್ಯಾನೊ ಪುಡಿ. ಉಳಿದ ತುದಿಗಳನ್ನೆಲ್ಲ ಅದು ಹಿಡಿದು ತೆಪ್ಪಗಾಗಿಸುತ್ತದೆ ಎಂಬುದು ಅವರ ಯೋಜನೆಯ ಹೆಗ್ಗಳಿಕೆ. ಸಮನಾಗಿ ಹರಡಿದರೆ ಹಿಡಿಯುತ್ತದೆ, ನಿಜ. ಹರಡದಿದ್ದರೆ ಹಿಟ್ಟು ಕಲಸುವಾಗ ಆಗುವ ಹಾಗೆ ಗಂಟು ಕಟ್ಟುತ್ತದೆ. ಗಂಟಿನ ಒಳಗಿನ ಪುಡಿ ಯಾರನ್ನೂ ಹಿಡಿಯುವುದಿಲ್ಲ, ಬಿರುಕು ಹೊರಡುವುದೂ ಅಲ್ಲಿಂದಲೇ. ಮೇಲಿನವರು ಆಚೆ ಹೋದ ಕೂಡಲೇ ನಾವು ಚಹಾಕ್ಕೆ ಗುಂಪು ಕಟ್ಟುವುದಿಲ್ಲವೇ, ಅದೂ ಹಾಗೇ ಎಂದು ರೇಡಿಯೋ ಒಮ್ಮೆ ಹೇಳಿದ್ದರು. ಅವಳು ನಕ್ಕಿದ್ದಳು. ಚಹಾದ ಗುಂಪಿನಲ್ಲಿ ಅವಳು ಯಾವತ್ತೂ ಇರುತ್ತಿರಲಿಲ್ಲ.

ಫ್ರೀಜರ್‌ನ ಚಳಿಗೆ ಆ ತುದಿಗಳು ನಿದ್ದೆ ಹೋಗಿದ್ದವು, ಅಷ್ಟೇ. ಡ್ರಾಯರ್‌ನಲ್ಲಿದ್ದವು ವರ್ಷವಿಡೀ ಕೆಲಸ ಮಾಡಿದ್ದವು, ಅವಳ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿ, ಅವಳು ಅದೇ ಮೇಜಿನ ಮೇಲೆ ಬರೆಯುತ್ತಿದ್ದಾಗ.

ಡ್ರಾಯರ್ ಮೊಣಕಾಲಿನಷ್ಟು ಬೆಚ್ಚಗೂ ಇರುವುದಿಲ್ಲ.

ನಿರ್ದೇಶಕರು ಅವಳಿಗಿಂತ ನಾಲ್ಕು ವರ್ಷ ಚಿಕ್ಕವರು. ಯಾರಿಗೂ ಎಂದೂ ದನಿ ಎತ್ತಿದವರಲ್ಲ. ಅವರ ಕೋಣೆಯಿಂದ ಹೊರಬಂದವರು ತಮಗೆ ಬೈದರೋ ಹೊಗಳಿದರೋ ಎಂದು ಮೆಟ್ಟಿಲಿಳಿಯುವ ತನಕ ಯೋಚಿಸುತ್ತಿದ್ದರು.

ಅವರ ಮೇಜಿನ ಮೇಲೆ ಮೊಣಕಾಲಿನ ಕೀಲಿಗೆ ಹಾಕುವ, ಮೊದಲ ಕಂತಿನ ಬಿಲ್ಲೆಯೊಂದಿತ್ತು. ಅಂಗೈಯಗಲ, ಬೂದು ಬಣ್ಣ, ತೊಡೆಮೂಳೆಯ ಎರಡು ಉಬ್ಬುಗಳು ಕೂರಲು ಎರಡು ತಗ್ಗು. ಒಂದು ತಗ್ಗಿನಲ್ಲಿ ಗುಂಡುಪಿನ್ನು, ಇನ್ನೊಂದರಲ್ಲಿ ಕ್ಲಿಪ್ಪು. ಅಮ್ಮನ ಕಾಲೊಳಗೆ ಇರುವುದೂ ಅದೇ ಅಚ್ಚಿನದು.

ಅವಳು ನಾಲ್ಕು ಅಂಕಿಗಳನ್ನು ಮುಂದಿಟ್ಟಳು. ಅವರು ಪೂರ್ತಿ ಓದಿದರು. ಎರಡು ಸಲ ಓದಿದರು. ಲಕೋಟೆಯನ್ನು ಮುಚ್ಚಿ ಇಟ್ಟಿದ್ದಿರಾ ಎಂದು ಕೇಳಿದರು. ಇಲ್ಲ. ಡ್ರಾಯರ್ ಕಿಟಕಿಯ ಹತ್ತಿರವೇ? ಸ್ವಲ್ಪ ಹತ್ತಿರ. ಬೇಸಿಗೆಯಲ್ಲಿ ಆ ಡ್ರಾಯರ್‌ನ ತಾಪ ಎಷ್ಟಿತ್ತು? ಗೊತ್ತಿಲ್ಲ.

"ಡ್ರಾಯರ್ ನಮ್ಮ ಪ್ರಯೋಗದ ಭಾಗ ಅಲ್ಲ ಅಲ್ವಾ?"

"ಅಲ್ಲ."

"ಹಾಗಾದ್ರೆ ಇದು ಫಲಿತಾಂಶ ಅಲ್ಲ. ಮರೆವು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಾಪ ಗೊತ್ತಿಲ್ಲದ, ತೇವ ಗೊತ್ತಿಲ್ಲದ, ಏಳರಲ್ಲಿ ಮೂರು ತುಂಡು ಕೈಚೀಲದಲ್ಲಿರುವ ಪರೀಕ್ಷೆಯನ್ನು ಅವಳೇ ಆದರೂ ತಿರಸ್ಕರಿಸುತ್ತಿದ್ದಳು. ಮೊಣಕಾಲೂ ಪ್ರಯೋಗದ ಭಾಗವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಎಚ್ಚರವಾಗಿ ಉಳಿಯಿತು.

ನಿರ್ದೇಶಕರು ವರದಿಯನ್ನು ಅವಳ ಕಡೆ ತಿರುಗಿಸಿದರು. ನಿನ್ನೆಯೇ ಒಂದು ಪದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. 'ಒಂದು ವರ್ಷ ಶೀತಪೆಟ್ಟಿಗೆಯಲ್ಲಿ ಇಟ್ಟ ತುಂಡುಗಳಲ್ಲಿ ಬದಲಾವಣೆ ಕಂಡುಬಂದಿಲ್ಲ.' ಸುತ್ತು ಇದ್ದದ್ದು ಶೀತಪೆಟ್ಟಿಗೆಯಲ್ಲಿ ಎಂಬುದಕ್ಕೆ. ಪ್ರಯೋಗಾಲಯದಲ್ಲಿ ಫ್ರೀಜರ್ ಆಗಿದ್ದುದು ವರದಿಯಲ್ಲಿ ಶೀತಪೆಟ್ಟಿಗೆ ಆಗುತ್ತಿತ್ತು, ಅವಳ ಭಾಷಾಶುದ್ಧಿಯಿಂದಾಗಿ.

ಆ ಪದ ಓದಿದರೆ ಹೆಣ ಇಡುವುದು ನೆನಪಾಗುತ್ತದೆ ಎಂದರು ನಿರ್ದೇಶಕರು, ಮೆತ್ತಗೆ ನಗುತ್ತ. ಓದುವವರಿಗೆ ಇಟ್ಟ ಎಂದರೆ ಸಾಕು, ಎಲ್ಲಾದರೂ ಒಂದು ಕಡೆ ಇಡಲೇಬೇಕಲ್ಲ.

"ನೀವು ಪದಗಳ ವಿಷಯದಲ್ಲಿ ಬಹಳ ಎಚ್ಚರ. ಅದಕ್ಕೇ ಕೇಳ್ತೀನಿ. ಒಂದು ವರ್ಷ ಇಟ್ಟ ತುಂಡುಗಳು. ಇದರಲ್ಲಿ ಸುಳ್ಳು ಎಲ್ಲಿದೆ?"

ಅವಳು ಹುಡುಕಿದಳು. ಶ್ರದ್ಧೆಯಿಂದ ಹುಡುಕಿದಳು. ಒಂದು, ನಿಜ. ವರ್ಷ, ನಿಜ. ಇಟ್ಟ, ನಿಜ. ಪುಡಿ ಸಮನಾಗಿ ಹರಡಿದ ಹಾಗೆ ವಾಕ್ಯದ ತುಂಬ ನಿಜವೇ ಹರಡಿತ್ತು.

ಅವರು ಮಾತಾಡುತ್ತ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಅದರ ಅಂಚಿನ ಕೆಳಗೆ, ಬೂದು ಬಣ್ಣದೊಳಗಿನಿಂದ, ಉಗುರಿನ ಬುಡದಲ್ಲಿರುವಂಥ ಒಂದು ಬಿಳಿ ಗೆರೆ. ವರ್ಷದಿಂದ ಈ ಕೋಣೆಯ ಗಾಳಿಯಲ್ಲಿ ಕೂತಿದ್ದ ಬಿಲ್ಲೆ. ಗೆರೆ ಹಿಂದೆ ಇತ್ತೇ? ಅವರು ಗಮನಿಸಿದ್ದಾರೆಯೇ? ಗುಂಡುಪಿನ್ನೊಂದು ಉರುಳಿ ಮೇಜಿನ ಮೇಲೆ ಬಿತ್ತು. ಅವರು ಎತ್ತಿ ಜೋಪಾನವಾಗಿ ಅದರ ತಗ್ಗಿಗೇ ಹಾಕಿದರು.

"ಅಂದ ಹಾಗೆ, ನಿಮ್ಮ ತಾಯಿಯವರ ಕಾಲು ಹೇಗಿದೆ?"

"ಇಟ್ಟ ಹಾಗೇ ಇದೆ," ಎಂದಳು.

ಅದು ಅಮ್ಮನ ಮಾತು. ಡಾಕ್ಟರು ಕೇಳಲಿ, ನೆಂಟರು ಕೇಳಲಿ, ಅಮ್ಮ ವರ್ಷದಿಂದ ಇದನ್ನೇ ಹೇಳುತ್ತಿದ್ದಳು, ಮೊಣಕಾಲನ್ನು ಒಮ್ಮೆ ತಟ್ಟಿ. ಮಗಳ ಬಾಯಲ್ಲಿ ಅದು ತಾನಾಗಿ ಹೊರಬಂದಿತ್ತು.

"ನೋಡಿ," ಎಂದರು ನಿರ್ದೇಶಕರು.

ಅವಳು ಸುತ್ತಿನೊಳಗಿನ ಪದವನ್ನು ಹೊಡೆದುಹಾಕಿ ಸಹಿ ಹಾಕಿದಳು. ಹಾಕುವಾಗ ಅವಳಿಗೆ ಅನಿಸಿದ್ದು ಭಯವಲ್ಲ, ಹೆಚ್ಚುಕಡಿಮೆ ಒಂದು ಸಮಾಧಾನ. ಕಾಗದದ ಮೇಲೆ ಬದಲಾವಣೆ ಇಲ್ಲ ಎಂದಾದರೆ ಅಮ್ಮನ ಕಾಲೊಳಗೂ ಇವತ್ತಿನ ಮಟ್ಟಿಗೆ ಇಲ್ಲ ಎಂದೇ ಲೆಕ್ಕ. ಹಿಂದಿನ ವರ್ಷದ ವರದಿ ಪಕ್ಕದಲ್ಲೇ ಇತ್ತು. ಎರಡು ಸಹಿಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಒಂದೇ ಗೆರೆಯಾಗಿ ಕಾಣುತ್ತಿದ್ದವು.

ಹೊರಗೆ ಕಾರಿಡಾರಿನಲ್ಲಿ ರೇಡಿಯೋ ಎದುರಾದರು. ಏನಾದರೂ ಕೇಳುತ್ತಾರೆಂದು ಅವಳು ನಿಂತಳು. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೈಚೀಲದೊಳಗೆ ಅವಳ ಬೆರಳುಗಳು ತಮ್ಮಷ್ಟಕ್ಕೆ ಒಂದು ಮೂಳೆಯನ್ನು ಹುಡುಕಿಕೊಂಡವು. ಹೆಬ್ಬೆರಳಿನಿಂದ ನಡುವಿಗೆ ತುಸು ಒತ್ತಿದಳು. ಹೊಸದಾಗಿದ್ದಾಗ ಇದನ್ನು ಬೆರಳಿಗೆ ಉಂಗುರದ ಹಾಗೆ ಸುತ್ತಬಹುದಿತ್ತು. ಟಕ್ಕೆಂದಿತು. ಪಕ್ಕದಲ್ಲಿ ಕೂತ ಹೆಂಗಸು ಅವಳ ಕೈಯನ್ನೂ ಮುಖವನ್ನೂ ನೋಡಿ, ನೆಟಿಕೆ ತೆಗೆದದ್ದೇನೋ ಎಂದುಕೊಂಡು ಬೇರೆ ಕಡೆ ತಿರುಗಿದಳು.

ಆ ಸದ್ದು ತನಗೆ ಪರಿಚಿತ ಎಂದು ಅವಳಿಗೆ ಆಗ ಹೊಳೆಯಿತು. ಪ್ರಯೋಗಾಲಯದಿಂದಲ್ಲ. ಮನೆಯಿಂದ.

ಊಟದ ಮೇಜಿನ ಕುರ್ಚಿ. ಅಮ್ಮ ಎದ್ದಾಗಲೆಲ್ಲ ಅದು ಟಕ್ ಎನ್ನುತ್ತಿತ್ತು. ನಾಲ್ಕೈದು ತಿಂಗಳಿಂದ. ಅವಳು ನಾಲ್ಕು ಭಾನುವಾರ ಆ ಕುರ್ಚಿಯನ್ನು ಬೋರಲು ಹಾಕಿ ತಿರುಪುಗಳನ್ನು ಬಿಗಿ ಮಾಡಿದ್ದಳು. ಸ್ಕ್ರೂಡ್ರೈವರ್ ತಂದುಕೊಟ್ಟವಳು ಅಮ್ಮನೇ. ಪಕ್ಕದಲ್ಲಿ ನಿಂತು, ಇನ್ನೂ ಸ್ವಲ್ಪ ಬಿಗಿ, ಹಾಂ, ಈಗ ಸರಿಯಾಯ್ತು ಎಂದು ಹೇಳಿದವಳೂ ಅಮ್ಮನೇ.

ಅವರ ಮನೆ ಒಂದನೆಯ ಮಹಡಿಯಲ್ಲಿ, ಕೆಳಗೆ ಹೊಲಿಗೆ ಅಂಗಡಿ. ಸಂಜೆ ಹೊತ್ತು ಅಮ್ಮ ಅಲ್ಲಿ ಕೂತಿರುತ್ತಾಳೆ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವಳು, ಸೀಟಿ ಇಲ್ಲದೆಯೂ ಮೈದಾನದ ಆಚೆ ತುದಿಗೆ ದನಿ ಮುಟ್ಟಿಸುತ್ತಿದ್ದವಳು. ಈಗ ಆ ದನಿ ಅಂಗಡಿಗೆ ಬರುವವರಿಗೆ ಮೊಣಕಾಲಿನ ಕಥೆ ಹೇಳಲು ಬಳಕೆಯಾಗುತ್ತಿತ್ತು. ಮುಟ್ಟಿ ನೋಡಿ, ನನ್ನ ಮಗಳು ಮಾಡಿದ್ದು. ಡಾಕ್ಟರ್ ಹಾಕಿದ್ದು ಅಷ್ಟೇ, ಮಾಡಿದ್ದು ಇವಳು.

"ಬಂದ್ಳು ನೋಡಿ ಕಾಲು ಮಾಡೋಳು," ಎಂದಳು ಟೈಲರಕ್ಕ, ಬಾಯಲ್ಲಿ ದಾರ ಕಚ್ಚಿಕೊಂಡೇ. ಇವಳನ್ನು ಮೇಲಿಂದ ಕೆಳಗೆ ನೋಡಿ, ಕಾಲೇಜಿಗೆ ಹೋಗುವಾಗ ತೆಗೆದುಕೊಂಡ ಅಳತೆಯೇ ಇವತ್ತಿಗೂ ಸರಿಹೋಗುತ್ತದೆ, ನೀನೊಬ್ಬಳು ಇಟ್ಟ ಹಾಗೇ ಇದ್ದೀಯ ಎಂದಳು. ಹೊಗಳಿಕೆಯೆಂದೇ ಹೇಳಿದ್ದು.

ಅಮ್ಮ ಸ್ಟೂಲಿನಿಂದ ಎದ್ದಳು. ಟಕ್.

ಅವಳು ಸ್ಟೂಲನ್ನು ನೋಡಿದಳು. ಹೊಸದು. ಅದರ ಕಾಲಿಗೆ ಸುತ್ತಿದ ಅಂಗಡಿಯ ಕಾಗದ ಇನ್ನೂ ಪೂರ್ತಿ ಕಿತ್ತಿರಲಿಲ್ಲ.

ಅವಳ ನೋಟ ಹಿಡಿದು ಟೈಲರಕ್ಕ ದೂರಿದಳು. ಹಳೆಯದು ಸದ್ದು ಮಾಡುತ್ತದೆ ಎಂದು ಅಮ್ಮನೇ ಹೇಳಿ ಇದನ್ನು ತರಿಸಿದ್ದು, ಇದೂ ಅದೇ ರಾಗ ಹಾಡುತ್ತಿದೆ. ಈಗಿನ ಕಾಲದ ಸಾಮಾನುಗಳ ಹಣೆಬರಹವೇ ಇಷ್ಟು.

ಅಮ್ಮ ಗೋಡೆಯ ಕಡೆ ನೋಡುತ್ತ ಚಪ್ಪಲಿ ಹುಡುಕಿದಳು. ಚಪ್ಪಲಿ ಕಾಲಲ್ಲೇ ಇತ್ತು.

ಮೆಟ್ಟಿಲಿನ ಬುಡಕ್ಕೆ ಬಂದಾಗ ಇಬ್ಬರೇ ಆದರು. ಅವಳು ಕೇಳಿದಳು, "ಅಮ್ಮ, ನೋವಿದೆಯಾ?"

"ಯಾಕಿರುತ್ತೆ? ಇಟ್ಟ ಹಾಗೇ ಇದೆ."

"ಸದ್ದು?"

"ಯಾವ ಸದ್ದು?"

"ಅಮ್ಮ."

ಅಮ್ಮ ಕಂಬಿ ಹಿಡಿದುಕೊಂಡಳು. "ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದೀನಿ ಕಣೇ," ಎಂದಳು. ಆಮೇಲೆ ಮಾತು ತಿರುಗಿಸಿದಳು, "ಇವತ್ತೇನೋ ದೊಡ್ಡ ವರದಿ ಅಂದಿದ್ಯಲ್ಲ. ಏನಾಯ್ತು?"

"ಆಯ್ತು."

"ಸಹಿ ಹಾಕಿದ್ಯಾ?"

"ಹಾಕಿದೆ."

"ಮತ್ತೆ?" ಎಂದಳು ಅಮ್ಮ. ಗೆದ್ದವಳ ಹಾಗೆ, ಅಥವಾ ಬೇಡಿಕೊಳ್ಳುವವಳ ಹಾಗೆ. "ಸರಿ ಇದೆ ಅಂತ ನೀನೇ ಬರೆದ ಮೇಲೆ ಇನ್ನೇನು? ಹೋಗು, ಮುಂದೆ ಹೋಗಿ ಬಾಗಿಲು ತೆಗಿ. ನಾನು ಬರ್ತೀನಿ."

ಯಾವಾಗಲೂ ಹೀಗೇ. ಅವಳನ್ನು ಮುಂದೆ ಕಳಿಸಿ ಅಮ್ಮ ಹಿಂದಿನಿಂದ ಬರುತ್ತಿದ್ದಳು, ಮೆಟ್ಟಿಲುಗಳನ್ನು ಡ್ರಿಲ್ಲಿನ ದನಿಯಲ್ಲಿ ಎಣಿಸುತ್ತ. ಒಟ್ಟು ಇಪ್ಪತ್ನಾಲ್ಕು. ಹಳೇ ಚಾಳಿ ಎಂದು ಮಹಡಿಯವರೆಲ್ಲ ನಗುತ್ತಿದ್ದರು. ಅವಳೂ ನಕ್ಕಿದ್ದಳು.

ಅವಳು ಮುಂದೆ ಹೋದಳು. ಹೋಗಬಾರದಿತ್ತು ಎಂದು ಅನಿಸಿದ್ದು ಬೀಗದಲ್ಲಿ ಕೀಲಿ ತಿರುಗಿದ ಮೇಲೆ. ಬಾಗಿಲು ತೆರೆದು ಹೊಸ್ತಿಲ ಒಳಗೆ ನಿಂತಳು. ದೀಪ ಹಾಕಲಿಲ್ಲ. ಒಳಗೆ ಮೇಜಿನ ಪಕ್ಕ ಆ ಕುರ್ಚಿ, ನಾಲ್ಕು ಭಾನುವಾರ ಬಿಗಿ ಮಾಡಿಸಿಕೊಂಡದ್ದು, ಯಾವ ಸದ್ದೂ ಮಾಡದೆ ನಿಂತಿತ್ತು.

"ಒಂದು," ಎಂದಿತು ಕೆಳಗಿನ ದನಿ. "ಎರಡು."

ಗಟ್ಟಿಯಾಗಿ, ಗೋಡೆಗೆ ಬಡಿದು ಮೇಲೆ ಬರುತ್ತಿತ್ತು. ಎಷ್ಟು ಗಟ್ಟಿ ಎಂದರೆ ಅದರಡಿ ಬೇರೇನು ಸದ್ದಾದರೂ ಕೇಳಿಸುವಂತಿರಲಿಲ್ಲ. ಅದಕ್ಕೇ ಅಷ್ಟು ಗಟ್ಟಿ ಎಂದು ಅವಳಿಗೆ ತಿಳಿದದ್ದು ಆರನೆಯ ಮೆಟ್ಟಿಲಿನ ಹೊತ್ತಿಗೆ.

"ಒಂಬತ್ತು. ಹತ್ತು."

ಹನ್ನೊಂದು ದಾಟಿತು. ಅವಳು ಉಸಿರು ಬಿಟ್ಟಳು. ಹನ್ನೆರಡಕ್ಕೆ ಮೆಟ್ಟಿಲು ತಿರುಗುತ್ತದೆ, ಅಲ್ಲಿ ಅಮ್ಮ ಒಂದು ಕ್ಷಣ ನಿಲ್ಲುತ್ತಾಳೆ. ನಿಂತಳು. ಮತ್ತೆ ಶುರುವಾಯಿತು.

"ಹದಿಮೂರು."

"ಹದಿನಾಲ್ಕು."

"ಹದಿನೈದು."

ದನಿ ಸುಮ್ಮನಾಯಿತು.

ಹೊಸ್ತಿಲಿನಿಂದ ಹೊರಕ್ಕೆ ಎರಡೇ ಹೆಜ್ಜೆ. ಅಷ್ಟು ಇಟ್ಟು ಬಗ್ಗಿದರೆ ತಿರುವು ಕಾಣುತ್ತದೆ. ಅವಳು ನಿಂತೇ ಇದ್ದಳು, ಕಿವಿಯಾಗಿ. ಕೆಳಗೆ ಹೊಲಿಗೆ ಯಂತ್ರ ಒಂದು ಸಾಲು ಓಡಿ ನಿಂತಿತು. ಹದಿನಾರು ಬರಬೇಕಿತ್ತು. ಅವಳ ಬಲಗೈ ಎದೆಯ ಮಟ್ಟಕ್ಕೆ ಎದ್ದಿತ್ತು. ಹೆಬ್ಬೆರಳೂ ತೋರುಬೆರಳೂ ಸೇರಿ, ಇಲ್ಲದ ಪೆನ್ನೊಂದನ್ನು ಹಿಡಿದಿದ್ದವು, ಕತ್ತಲೆಯ ಮೇಲೆ ತುದಿಯೂರಿ, ಕೊನೆಯದಾಗಿ ಕೇಳಿಸಿದ್ದನ್ನು ಬರೆದುಕೊಳ್ಳಲು.